ಎಪ್ಪತ್ತೆರಡನೆಯ ಮನೆಯಾಚೆ

ಶುಕ್ರವಾರದಿಂದ ಹಳೆಯದು ಬಂದ್ ಎಂದು ಬಿಳಿ ಹಲಗೆಯ ಮೇಲೆ ಆಗಲೇ ಬರೆದಾಗಿತ್ತು. ಸಭೆ ಇನ್ನೂ ಶುರುವೇ ಆಗಿರಲಿಲ್ಲ! ವಿನಿಫ್ರೆಡ್ ಹಾಗನ್ ತಿಂಡಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

ಅಮೆರಿಕದ ಅಯೋವಾದ ಆ ನದಿ ಕಚೇರಿಯಲ್ಲಿ ಪ್ರವಾಹದ ಎಚ್ಚರಿಕೆ ಕೊಡುವುದು ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ, ಐವತ್ತು ವರ್ಷದ ಹಳೆಯ ಪ್ರೋಗ್ರಾಮು. ಅದನ್ನು ಬಲ್ಲವಳು ಈಗ ಅವಳೊಬ್ಬಳೇ. ಅದು ಎಚ್ಚರಿಸಿದರೆ ಕೆಳದಂಡೆಯ ಊರಿನವರು ಮನೆ ಬಿಟ್ಟು ಹೊರಡುತ್ತಾರೆ. ಅವಳ ತಂಗಿಯ ಮನೆಯೂ ಅಲ್ಲೇ.

"ಬೇಜಾರು ಮಾಡ್ಕೋಬೇಡಿ ವಿನ್ನಿ, ಆ ಭಾಷೆ ಸತ್ತುಹೋಗಿದೆ. ಕಲಿಯೋರೇ ಇಲ್ಲ," ಎಂದ ಹೊರಗಿನ ಕಂಪನಿಯ ಬ್ರೈಸ್. "ಎಲ್ಲಾನೂ ಹೊಸ ಭಾಷೆ ಪೈಥಾನ್‌ಗೆ ತಿರುಗಿಸಿದ್ದೀವಿ. ಮೂರು ತಿಂಗಳು ಎರಡನ್ನೂ ಓಡಿಸಿ ನೋಡಿದ್ವಿ, ಒಂದೇ ಉತ್ತರ."

"ಯಾವ ಮೂರು ತಿಂಗಳು ಮಾರಾಯ?"

"ಆಗಸ್ಟಿಂದ ಅಕ್ಟೋಬರ್."

"ನದೀಲಿ ಬಾತುಕೋಳಿ ನಡ್ಕೊಂಡು ಹೋಗೋ ಕಾಲ! ಹೋದ ವರ್ಷದ ಏಪ್ರಿಲ್ ಲೆಕ್ಕ ಹಾಕು, ಊರು ಮುಳುಗಿದ್ದು."

ಬ್ರೈಸ್ ನಗುತ್ತಲೇ ಹಾಕಿದ. ತೆರೆಯ ಮೇಲೆ ನೀರು ಇಪ್ಪತ್ತೆರಡು ಅಡಿಗೇರಿತು. ಹಳೆಯದು ಕೆಂಪು ಎಚ್ಚರಿಕೆ ಕೊಟ್ಟಿತು. ಹೊಸದು ಸುಮ್ಮನೆ ಕೂತಿತ್ತು.

ವಿನಿಫ್ರೆಡ್ ಅವನನ್ನು ಪಕ್ಕಕ್ಕೆ ಸರಿಸಿ ಹೊಸದರ ಸಾಲುಗಳನ್ನು ಹುಡುಕಿದಳು. ಅಪಾಯದ ಮಟ್ಟ: ಹದಿನೆಂಟು ಸಾವಿರದ ನಾನೂರ ಇಪ್ಪತ್ತು ಅಡಿ.

"ರಾಕಿ ಪರ್ವತ ಮುಳುಗಿದ ಮೇಲೆ ಗಂಟೆ ಹೊಡೀತದೆ ನಿನ್ನ ಪೈಥಾನು!"

"ಹಳೇದರಲ್ಲೇ ಹಾಗಿದೆ," ಎಂದ ಬ್ರೈಸ್. ಅವನ ನಗು ಮಾಯವಾಗಿತ್ತು. "ಹದಿನೆಂಟು, ಆಮೇಲೆ ಖಾಲಿ ಜಾಗ, ಆಮೇಲೆ ನಾನೂರ ಇಪ್ಪತ್ತು. ಖಾಲಿ ಜಾಗ ಲೆಕ್ಕಕ್ಕಿಲ್ಲ ಅಂತ ಫೋರ್ಟ್ರಾನ್ ನಿಯಮ ಅಲ್ವಾ? ಸೇರಿಸಿ ಓದಿದ್ವಿ."

"ನಿಯಮ ಅರ್ಧ ಓದಿದ್ದೀಯ. ಅಕ್ಷರಕ್ಕೊಂದರಂತೆ ಸಾಲಿಗೆ ಎಂಬತ್ತು ಮನೆ. ಎಪ್ಪತ್ತೆರಡರಾಚೆ ಇರೋದನ್ನ ಯಂತ್ರ ನೋಡೋದೇ ಇಲ್ಲ. ಅಪಾಯದ ಮಟ್ಟ ಬರೀ ಹದಿನೆಂಟು ಅಡಿ. ಆಗೆಲ್ಲ ಸಾಲಿಗೊಂದು ತೂತು ಹೊಡೆದ ರಟ್ಟಿನ ಕಾರ್ಡು; ನಾನೂರ ಇಪ್ಪತ್ತು ಅನ್ನೋದು ಆ ಕಾರ್ಡಿನ ಕ್ರಮಸಂಖ್ಯೆ. ಕಟ್ಟು ಕೈಜಾರಿ ಚೆಲ್ಲಿದ್ರೆ ಮತ್ತೆ ಜೋಡಿಸ್ಕೊಳ್ಳೋಕೆ ಹಾಕ್ತಿದ್ರು. ನನ್ನನ್ನೊಂದು ಮಾತು ಕೇಳಿದ್ರೆ ಬಾಯಿ ಸವೆದುಹೋಗ್ತಿತ್ತಾ?"

ಕಚೇರಿಯ ಮುಖ್ಯಸ್ಥ ಗ್ಯಾರೆಟ್ ಕೆಮ್ಮಿದ. "ಹಾಗಾದ್ರೆ ಫೋರ್ಟ್ರಾನೇ ಇರ್ಲಿ ಅಂತೀಯಾ ವಿನ್ನಿ?"

ಅವಳಿಗೆ ಇನ್ನಷ್ಟು ಸಿಟ್ಟು ಬಂತು. "ನಾನೆಲ್ಲಿ ಹಾಗಂದೆ? ಧಾರಾಳವಾಗಿ ಬದಲಾಯಿಸಿ! ಕಲಿಸ್ತೀನಿ, ಒಬ್ಬರನ್ನ ಕೊಡು ಅಂತ ಮೂರು ಸಲ ಬರ್ದು ಕೊಟ್ಟೆ. ಸತ್ತ ಭಾಷೆ ಯಾಕೆ ಕಲೀಬೇಕು ಅಂತ ನೀನೇ ಅಂದೆ. ಸತ್ತಿದ್ರೆ ಏಪ್ರಿಲ್‌ನಲ್ಲಿ ನನ್ನ ತಂಗೀನ ಎಬ್ಬಿಸಿದ್ದು ಯಾರಪ್ಪ?"

ಅವಳು ಎದ್ದು ಹಲಗೆಯ ಮೇಲಿದ್ದ ಶುಕ್ರವಾರವನ್ನು ಅಂಗಿಯ ತೋಳಿನಿಂದಲೇ ಒರೆಸಿ ಹಾಕಿದಳು. ಗ್ಯಾರೆಟ್ ತಡೆಯಲಿಲ್ಲ.

"ಬ್ರೈಸ್, ಕುರ್ಚಿ ಈ ಕಡೆ ಎಳ್ಕೋ. ಒಂದನೇ ಸಾಲಿಂದ ಶುರು."

"ಎಷ್ಟು ಸಾಲಿವೆ?"

"ಹನ್ನೊಂದು ಸಾವಿರ. ತಿಂಡಿ ತಗೋ, ಹೊಟ್ಟೆಗೆ ಬೇಕಾಗ್ತದೆ."