ತಲೆಕೆಳಗಾದ ಪಟ್ಟಿ

ಮಾವ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದ್ದೇ ಬೈಗುಳದ ಮೇಲೆ. ಮಂಡಿನೋವು ಅವರನ್ನು ಮನೆಯಲ್ಲಿ ಕೂರಿಸಿದಾಗ ಸೊಸೆಗೆ ಹೇಳಿದರು: "ನಾಟಕದ ಮಂದಿರದ ಪರದೆ ಬರೋ ಶನಿವಾರ ಸಂಜೆ ಸರಿಯಾಗಿ ತೂಗಿದ್ರೆ ಅಂಗಡಿ ನಿಂದು. ಇಲ್ಲಾಂದ್ರೆ ಬಾಗಿಲು ಹಾಕ್ತೀನಿ."

ಸೊಸೆಗೆ ಗೊತ್ತಿದ್ದ ಯಜಮಾನಿಕೆ ಮಾವನದೊಂದೇ. ಅವಳೂ ವಾರವಿಡೀ ಎಲ್ಲರ ತಲೆಯ ಮೇಲೆ ನಿಂತು ಗದರಿದಳು. ಶನಿವಾರ ಮಧ್ಯಾಹ್ನ ಮಂದಿರದಲ್ಲಿ ಪರದೆ ಏರಿಸಿ ನೋಡಿದಳು. ಕೆಂಪು ಮಖಮಲ್ಲಿನ ನಟ್ಟನಡುವೆ ಒಂದು ಪಟ್ಟಿ ಕಪ್ಪಗೆ ಕಾಣುತ್ತಿತ್ತು. ಮಖಮಲ್ಲಿಗೆ ಮೇಲು ಕೆಳಗು ಉಂಟು. ತಲೆಕೆಳಗಾಗಿ ಹೊಲಿದರೆ ಬಣ್ಣವೇ ಬೇರೆ. ಹೊಲಿದವಳು ನಾದಿನಿ. ಅವಳಾಗಲೇ ಗಳಗಳ ಅಳುತ್ತಿದ್ದಳು.

"ನಾನು ಮೊದಲೇ ನೋಡಿದ್ದೆ," ಎಂದರು ಹಳೆಯ ದರ್ಜಿ, ಗೊಣಗಪ್ಪನೆಂದೇ ಹೆಸರಾದವರು. "ಬಾಯ್ಮುಚ್ಕೊಂಡು ಹೊಲೀರಿ ಅಂದ್ರಲ್ಲಮ್ಮ. ಮುಚ್ಕೊಂಡೆ."

ಸೊಸೆಗೆ ಸಿಟ್ಟು ನೆತ್ತಿಗೇರಿತು. ಏರಿದ್ದನ್ನು ಹೇಗೋ ನುಂಗಿಕೊಂಡಳು. ಮಾವ ಬೈದರೆ ನಗುತ್ತಿದ್ದವರು ತಾನು ಬೈದಾಗ ಮುದುಡಿದ್ದೇಕೆಂದು ಅವಳಿಗೆ ಈಗ ಹೊಳೆಯಿತು. ಆ ಬೈಗುಳ ಅವಳದಾಗಿರಲಿಲ್ಲ, ಎರವಲು ತಂದದ್ದು.

"ತಪ್ಪಾಯ್ತು, ಈಗ ಕೇಳ್ತಿದೀನಿ. ಏನು ಮಾಡೋಣ?"

ಗೊಣಗಪ್ಪನ ಮುಖ ಅರಳಿತು. "ಅಂಗಡಿಗೆ ಒಯ್ಯೋದು ಬೇಡ. ಮಿಷನ್ ಇಲ್ಲಿಗೇ ತರಿಸಿ. ಆ ಪಟ್ಟಿ ಬಿಚ್ಚಿ ತಿರುಗಿಸೋಣ."

"ಎಡಗಡೆ ಹೊಲಿಗೆ ನಿಮ್ದು," ಎಂದ ಸೊಸೆ ಆ ಕೆಲಸ ಅವರಿಗೇ ಬಿಟ್ಟು, ಆಮೇಲೆ ಅವರತ್ತ ತಿರುಗಿಯೂ ನೋಡಲಿಲ್ಲ. ಬಲಗಡೆ ನಾದಿನಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. "ಕೈಯಲ್ಲಿ ಸವರು. ಮೇಲಿಂದ ಕೆಳಕ್ಕೆ ನುಣುಪು, ಅಲ್ವಾ? ಹಾಂ, ಇಷ್ಟು ಹೊಲಿ. ಮುಂದಿಂದು ಆಮೇಲೆ ಹೇಳ್ತೀನಿ."

"ಅತ್ತಿಗೆ, ಸರಿಯಾಗಿ ಬಂತು!" ಎಂದಳು ನಾದಿನಿ, ತನಗೇ ನಂಬಿಕೆಯಿಲ್ಲದೆ.

ಪರದೆ ಮತ್ತೆ ಏರುವಾಗ ಜನ ಬಾಗಿಲಲ್ಲಿ ಗಿಜಿಗುಡುತ್ತಿದ್ದರು. ಅರ್ಧದಲ್ಲಿ ಹಗ್ಗ ಸಿಕ್ಕಿಕೊಂಡಿತು. ಹಗ್ಗ ಹಿಡಿದವರು ಎಡಕ್ಕೆ ಎಂದರೆ ಗೊಣಗಪ್ಪ ಬಲಕ್ಕೆ ಎಂದರು. ಇದು ಎಲ್ಲರ ಮಾತು ಕೇಳುತ್ತ ಕೂರುವ ಹೊತ್ತಲ್ಲ ಎಂದು ಸೊಸೆ ದನಿಯೇರಿಸಿದಳು.

"ಸುಮ್ನಿರಿ ಎಲ್ರೂ! ಕೆಳಗಿಳಿಸಿ! ಈಗ ಎಳೀರಿ, ಒಟ್ಟಿಗೆ!"

ಯಾರಿಗೂ ಬೇಜಾರಾಗಲಿಲ್ಲ. ಎಲ್ಲರೂ ಎಳೆದರು. ಪರದೆ ಸರ್ರನೆ ಏರಿ ನಿಂತಿತು, ಈ ತುದಿಯಿಂದ ಆ ತುದಿಗೆ ಒಂದೇ ಕೆಂಪು.

ಪರದೆ ನೋಡಲೆಂದೇ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಮಾವ ಕುಂಟುತ್ತ ಪರದೆಯ ಹಿಂದಕ್ಕೆ ಬಂದರು. ಹೊಲಿಗೆಯನ್ನು ಕಣ್ಣಿಗೊತ್ತಿಕೊಳ್ಳುವಂತೆ ಹತ್ತಿರ ಹಿಡಿದು ನೋಡಿದರು. ಬೈಯಲು ಏನೂ ಸಿಗಲಿಲ್ಲ.

"ಅಂಗಡಿ ನಿಂದು. ನಾಳೆಯಿಂದ ನಾನು ಬಂದ್ರೆ ಗಿರಾಕಿ ಲೆಕ್ಕ."

ಕುಣಿದುಬಿಡೋಣ ಎನ್ನಿಸಿತು ಅವಳಿಗೆ. ಹೇಗೂ ರಂಗದ ಮೇಲೇ ಇದ್ದಳು, ಕುಣಿದೇಬಿಟ್ಟಳು.