ಗೊಂಬೆಪೇಟೆಯ ಸೇತುವೆ

ಇಸ್ತ್ರಿಯಮ್ಮ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾದ ಸುದ್ದಿ ಅವಳಿಗಿಂತ ಮೊದಲೇ ಬೀದಿಗೆ ತಲುಪಿತ್ತು. ಅವಳು ಡ್ರೈವಿಂಗ್ ಶಾಲೆಯ ವ್ಯಾನಿನಿಂದ ಇಳಿಯುವ ಹೊತ್ತಿಗೆ ಎದುರಂಗಡಿಯ ಗಡಿಯಾರ ರಿಪೇರಿಯವನು ಬಾಗಿಲಿಗೆ ಬಂದು ನಿಂತಿದ್ದ.

"ಹೋಗ್ಲಿ ಬಿಡಿ. ಈ ವಯಸ್ಸಲ್ಲಿ ಯಾಕೆ ಬೇಕಿತ್ತು ನಿಮಗೆ?" ಎಂದ.

ಸೋತದ್ದಕ್ಕಿಂತ ಆ 'ಹೋಗ್ಲಿ ಬಿಡಿ' ಅವಳಿಗೆ ಹೆಚ್ಚು ಚುಚ್ಚಿತು.

"ನಿಮ್ಮಂಗಡಿ ಗೋಡೆ ಗಡಿಯಾರ ಹತ್ತು ನಿಮಿಷ ಹಿಂದಿದೆ. ಮೊದಲು ಅದನ್ನ ನೋಡ್ಕೊಳ್ಳಿ" ಎಂದು ಹೇಳಿ ಲಾಂಡ್ರಿಯೊಳಗೆ ಹೋದಳು.

ಅವಳಿಗೆ ಅರುವತ್ತೊಂದು. ಗಂಡ ಹೆಂಡತಿ ಸೇರಿ ನಡೆಸಿದ ಈ ಲಾಂಡ್ರಿಯಲ್ಲಿ ಮೂವತ್ತು ವರ್ಷ ಅವಳು ಇಸ್ತ್ರಿ ಹಾಕಿದ್ದಳು, ಯಜಮಾನರು ವ್ಯಾನು ಓಡಿಸಿದ್ದರು. ಅವಳ ಕೈಗೆ ಇಸ್ತ್ರಿ ಪೆಟ್ಟಿಗೆಯ ಕಾವು ಗೊತ್ತು. ಒದ್ದೆ ಬೆರಳು ತಾಗಿಸಿ, ಚುಯ್ ಎಂದ ಸದ್ದಿನಲ್ಲೇ ಇದು ಹತ್ತಿಗೆ, ಇದು ರೇಷ್ಮೆಗೆ ಎಂದು ಹೇಳಬಲ್ಲಳು. ಹೋದ ವರ್ಷ ಯಜಮಾನರು ತೀರಿಕೊಂಡ ಮೇಲೆ ಮಗ ಬೆಳಗಿನ ಹೊತ್ತು ವ್ಯಾನು ಓಡಿಸುತ್ತಿದ್ದ. ಅವನು ಔಷಧಿ ಗೋದಾಮಿನಲ್ಲಿ ಗುಮಾಸ್ತ. ಈಗ ಅವನಿಗೆ ಅಲ್ಲಿ ಬೆಳಗಿನ ಪಾಳಿ ಬಿದ್ದಿತ್ತು. ಲಾಂಡ್ರಿಯ ಮುಕ್ಕಾಲು ಕೆಲಸ ನದಿಯಾಚೆಯ ಹೋಟೆಲಿನ ಹಾಸುಬಟ್ಟೆ, ದಿಂಬಿನ ಚೀಲಗಳದ್ದು. ದಿನಾ ಬೆಳಗ್ಗೆ ಎಂಟಕ್ಕೆ ಬಟ್ಟೆಯ ಗಂಟುಗಳು ಅಲ್ಲಿರಬೇಕು. ಬರುವ ತಿಂಗಳ ಕೊನೆಯ ತನಕ ನಮ್ಮ ಗಾಡಿಯನ್ನೇ ಕಳಿಸುತ್ತೇನೆ, ಆಮೇಲೆ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದು ಹೋಟೆಲಿನ ಮೇಲ್ವಿಚಾರಕಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದಳು. ಹೋಟೆಲು ಹೋದರೆ ಲಾಂಡ್ರಿ ಹೋದಂತೆಯೇ.

ಮಗನ ಬಳಿ ಇದಕ್ಕೆ ಸಲೀಸಾದ ಪರಿಹಾರವಿತ್ತು. ವ್ಯಾನು ಮಾರು, ಅಂಗಡಿ ಮುಚ್ಚು, ಮನೆಯಲ್ಲಿ ಆರಾಮಾಗಿರು. ಆರಾಮು ಎಂಬ ಮಾತು ಕೇಳಿದರೆ ಸಾಕು, ಇಸ್ತ್ರಿಯಮ್ಮನ ಪಿತ್ತ ನೆತ್ತಿಗೇರುತ್ತಿತ್ತು. ಅವತ್ತೇ ಹೋಗಿ ಡ್ರೈವಿಂಗ್ ಶಾಲೆಗೆ ಸೇರಿದಳು.

ಮೊದಲ ವಾರ ಅವಳ ಕಾಲುಗಳದ್ದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಕಥೆ. ಎಡಗಾಲು ಕ್ಲಚ್ ಬಿಟ್ಟರೆ ಬಲಗಾಲು ಬ್ರೇಕ್ ತುಳಿಯುತ್ತಿತ್ತು. ಆದರೆ ಸ್ಟಿಯರಿಂಗ್ ಮಾತ್ರ ಮೊದಲ ದಿನದಿಂದಲೇ ಅವಳ ಮಾತು ಕೇಳಿತು. ತಿರುವು ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂಬುದು ಅವಳಿಗೆ ಮೊದಲೇ ತಿಳಿದಂತಿತ್ತು. ಕಲಿಸುವ ಮೇಡಂ ಇಪ್ಪತ್ತು ವರ್ಷ ಬಸ್ಸು ಓಡಿಸಿ ನಿವೃತ್ತಳಾದವಳು, ಸುಮ್ಮಸುಮ್ಮನೆ ಹೊಗಳುವವಳಲ್ಲ. "ಸುಳ್ಳು ಹೇಳ್ಬೇಡಿ, ಮೊದಲೇ ಎಲ್ಲೋ ಓಡಿಸಿದೀರಿ" ಎಂದಿದ್ದಳು.

ಪರೀಕ್ಷೆಯ ದಿನ ಮಾಮೂಲಿ ರಸ್ತೆ ಅಗೆದಿದ್ದರಿಂದ ಪರೀಕ್ಷಕರು ನದಿಯ ಕಡೆ ತಿರುಗಿಸಲು ಹೇಳಿದರು. ಅಲ್ಲಿಯವರೆಗೆ ಒಂದು ತಪ್ಪೂ ಇಲ್ಲ. ಸೇತುವೆಯ ಬುಡಕ್ಕೆ ಬಂದಾಗ ಎದುರಿನಿಂದ ಒಂದು ಕಾರು ಸೇತುವೆ ಹತ್ತಿತು. ಇಸ್ತ್ರಿಯಮ್ಮನ ಕಾಲು ತಾನೇ ತಾನಾಗಿ ಬ್ರೇಕ್ ಒತ್ತಿತು. ವ್ಯಾನು ನಿಂತಿತು. ಹಿಂದಿನವರು ಹಾರನ್ ಬಾರಿಸಿದರು. ಕಾರು ದಾಟಿತು, ಅದರ ಹಿಂದೆ ಇನ್ನೊಂದು ಬಂತು, ಆಮೇಲೆ ಲಾರಿ. ಅವಳು ಎಲ್ಲರಿಗೂ ದಾರಿ ಬಿಟ್ಟುಕೊಂಡು ಕೂತೇ ಇದ್ದಳು. ನಾಲ್ಕು ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲದ ಸೇತುವೆ. 'ಕಾರಣವಿಲ್ಲದೆ ನಡುರಸ್ತೆಯಲ್ಲಿ ನಿಲುಗಡೆ' ಎಂದು ಪರೀಕ್ಷಕರು ಬರೆದು ಹಾಳೆ ಮಡಿಚಿದರು.

"ಸೇತುವೆ ಕಂಡ್ರೆ ನಿಲ್ಲು ಅಂತ ನಿಮಗೆ ಹೇಳಿಕೊಟ್ಟಿದ್ದು ಯಾರು?" ಎಂದು ಮೇಡಂ ಆಮೇಲೆ ಕೇಳಿದಳು. "ನಾನಂತೂ ಅಲ್ಲ."

"ಯಾರೂ ಅಲ್ಲ" ಎಂದಳು ಇಸ್ತ್ರಿಯಮ್ಮ. ಆದರೆ ಪ್ರಶ್ನೆ ತಲೆಯೊಳಗೆ ಉಳಿಯಿತು. ಮಧ್ಯಾಹ್ನ ದಿಂಬಿನ ಚೀಲದ ಮೂಲೆಗಳನ್ನು ಒತ್ತುತ್ತಿದ್ದಾಗ ಉತ್ತರ ಹೊಳೆಯಿತು. ಅವಳು ಪೆಟ್ಟಿಗೆ ಎತ್ತಿಟ್ಟು, ಹಲ್ಲಿನ ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳಿಗೆ ಫೋನು ಮಾಡಿದಳು.

"ಆ ಗೊಂಬೆ ಆಟದಲ್ಲಿ ಒಂದು ಸೇತುವೆ ಇತ್ತಲ್ಲ, ಅದರ ಮೇಲೆ ಎರಡು ಗಾಡಿ ಬಂದ್ರೆ ಮುರಿದು ಬೀಳ್ತಿತ್ತು ತಾನೆ?"

ಆ ಆಟ ಮನೆಗೆ ಬಂದದ್ದು ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಗೊಂಬೆಗಳ ಡಬ್ಬಿಯ ಜೊತೆ ಉಚಿತವಾಗಿ ಬಂದ ಒಂದು ಸಿಡಿ ತಟ್ಟೆ. ಕಂಪ್ಯೂಟರಿಗೆ ಹಾಕಿದರೆ ಗುಂಡುತಲೆಯ ಗೊಂಬೆಗಳ ಒಂದು ಇಡೀ ಪೇಟೆ ತೆರೆದುಕೊಳ್ಳುತ್ತಿತ್ತು. ಮಕ್ಕಳು ಅಲ್ಲಿ ಮನೆ ಕಟ್ಟುತ್ತಿದ್ದರು, ಕಳ್ಳನನ್ನು ಹಿಡಿಯುತ್ತಿದ್ದರು. ಇಸ್ತ್ರಿಯಮ್ಮನಿಗೆ ಅದೊಂದೂ ಬೇಕಿರಲಿಲ್ಲ. ಮಕ್ಕಳು ಶಾಲೆಯಲ್ಲಿರುವಾಗ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪೆಟ್ಟಿಗೆ ತಣ್ಣಗಿರುವ ಹೊತ್ತಿನಲ್ಲಿ, ಅವಳು ಒಂದು ಹಳದಿ ಅಂಚೆ ವ್ಯಾನು ಹತ್ತಿ ಸುಮ್ಮನೆ ಬೀದಿ ಬೀದಿ ಸುತ್ತುತ್ತಿದ್ದಳು. ಎಲ್ಲಿಗೆ, ಯಾಕೆ, ಎಷ್ಟು ಹೊತ್ತು ಎಂದು ಕೇಳುವವರು ಆ ಊರಿನಲ್ಲಿ ಇರಲಿಲ್ಲ. ನಿಜವಾದ ವ್ಯಾನಿನ ಕೀಲಿ ಕೇಳಿದರೆ ಯಜಮಾನರು "ನಿನಗ್ಯಾಕೆ ಆ ತಲೆನೋವು" ಎಂದು ನಗುತ್ತಿದ್ದರು. ಗೊಂಬೆ ವ್ಯಾನಿಗೆ ಕೀಲಿ ಬೇಕಿರಲಿಲ್ಲ. ಹಾಗೆ ಏಳು ವರ್ಷ ಓಡಿಸಿದಳು.

ಫೋನಿನ ಆ ಕಡೆ ಮಗಳು ನಗತೊಡಗಿದ್ದಳು.

"ಮುರಿಯೋದಾ? ಇಲ್ವಲ್ಲಮ್ಮ. ನಾನೂ ಅಣ್ಣನೂ ದಿನಾ ದಾಟ್ತಿದ್ವಿ. ಯಾರು ಹೇಳಿದ್ದು ನಿಂಗೆ?"

"ನಿಮ್ಮಪ್ಪ."

ಮಗಳ ನಗು ನಿಂತಿತು.

ಇಸ್ತ್ರಿಯಮ್ಮನಿಗೆ ಎಲ್ಲ ಚೆನ್ನಾಗಿ ನೆನಪಿತ್ತು. ಮೊದಲ ವಾರದಲ್ಲೇ ಒಂದು ದಿನ ಯಜಮಾನರು ಟೀ ಲೋಟ ಹಿಡಿದು ಅವಳ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ಅವಳ ವ್ಯಾನು ಸೇತುವೆಯ ಬುಡದಲ್ಲಿತ್ತು. "ಆ ಕಡೆ ಹೋಗ್ಬೇಡ. ಎರಡು ಗಾಡಿ ಭಾರಕ್ಕೆ ಅದು ಮುರಿದು ಬೀಳತ್ತೆ. ಮಕ್ಕಳು ಕಟ್ಟಿದ್ದೆಲ್ಲ ಅಳಿಸಿಹೋಗತ್ತೆ" ಎಂದು ಹೇಳಿ, ಲೋಟವನ್ನು ಅವಳ ಪಕ್ಕದಲ್ಲಿಟ್ಟು ಹೋಗಿದ್ದರು. ಅವಳು ನಂಬಿದಳು. ಮಕ್ಕಳು ಕಟ್ಟಿದ ಮನೆಗಳನ್ನು ತಾಯಿಯಾದವಳು ಕೆಡವುತ್ತಾಳೆಯೇ? ಅಲ್ಲಿಂದ ಮುಂದೆ ಸೇತುವೆಯವರೆಗೆ ಹೋಗಿ, ಎದುರಿನ ಗೊಂಬೆಗಳಿಗೆ ದಾರಿ ಬಿಟ್ಟು, ವಾಪಸು ತಿರುಗುತ್ತಿದ್ದಳು. ಅಂದು ಕೈ ಕಲಿತದ್ದನ್ನು ಇಂದು ಕಾಲು ನೆನಪಿಟ್ಟುಕೊಂಡಿತ್ತು.

"ಆ ಕಂಪ್ಯೂಟರ್ ಇನ್ನೂ ಅಟ್ಟದ ಮೇಲಿದೆ" ಎಂದಳು ಮಗಳಿಗೆ. "ಭಾನುವಾರ ಬಂದು ಇಳಿಸಿಕೊಡು."

"ಈಗ ಅದೆಲ್ಲ ಯಾಕಮ್ಮ?"

"ನಾನು ನೋಡ್ಬೇಕು."

ಭಾನುವಾರ ಮಗಳು ಏಣಿ ಹತ್ತಿ ಇಳಿಸಿದಳು. ಧೂಳು ಒರೆಸಿ, ಮೂರು ಸಲ ತಂತಿ ಬದಲಾಯಿಸಿ, ಒಮ್ಮೆ ಬೈದು, ಒಮ್ಮೆ ಬೆನ್ನು ತಟ್ಟಿದ ಮೇಲೆ ಪರದೆ ಬೆಳಗಿತು. ತಟ್ಟೆ ಒಳಗೇ ಇತ್ತು. ಹಳದಿ ವ್ಯಾನು ಅವಳು ಕೊನೆಯ ಸಲ ಬಿಟ್ಟುಹೋದ ಜಾಗದಲ್ಲಿ, ಬ್ರೆಡ್ಡಿನ ಅಂಗಡಿಯ ಮುಂದೆ, ಹಾಗೇ ನಿಂತಿತ್ತು. ಬೀದಿಗಳು ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. ಶಾಲೆ ಬಳಸಿ, ಬಾವಿ ದಾಟಿ ಸೇತುವೆಯ ಬುಡಕ್ಕೆ ಬಂದಳು. ಎದುರಿನಿಂದ ಗೊಂಬೆ ಲಾರಿಯೊಂದು ಹತ್ತಿತು. ಅವಳ ಬೆರಳು ಗುಂಡಿಯಿಂದ ಮೇಲೆದ್ದಿತು, ವ್ಯಾನು ನಿಂತಿತು.

"ಹೋಗಮ್ಮ" ಎಂದಳು ಮಗಳು.

"ನೀನು ಕಟ್ಟಿದ್ದೆಲ್ಲ ಬಿದ್ದುಹೋದ್ರೆ?"

"ಬೀಳ್ಲಿ. ನಾನೀಗ ಅಲ್ಲಿ ವಾಸ ಇಲ್ಲ."

ಇಸ್ತ್ರಿಯಮ್ಮ ಗುಂಡಿ ಒತ್ತಿದಳು. ಸೇತುವೆಯ ನಡುವೆ ಲಾರಿಯೂ ವ್ಯಾನೂ ಪಕ್ಕಪಕ್ಕಕ್ಕೆ ಬಂದವು. ಏನೂ ಆಗಲಿಲ್ಲ. ಒಂದು ಹಲಗೆಯೂ ಅಲುಗಲಿಲ್ಲ. ಆ ಕಡೆ ಇಳಿದಾಗ ಅವಳೆದುರು ಒಂದು ಸಮುದ್ರತೀರವಿತ್ತು, ದೀಪಸ್ತಂಭವಿತ್ತು, ರೈಲು ನಿಲ್ದಾಣವಿತ್ತು, ಗುಡ್ಡ ಸುತ್ತಿ ಮೇಲೇರುವ ಒಂದು ದಾರಿಯಿತ್ತು. ಈ ಕಡೆಗಿಂತ ದೊಡ್ಡ ಊರು. ದಾರಿಯ ತಿರುವಿನಲ್ಲಿ ಒಂದು ಗೊಂಬೆ ಬಂದ ಗಾಡಿಗೆಲ್ಲ ಕೈ ಬೀಸುತ್ತಿತ್ತು. ಅದಕ್ಕೆ ಇದ್ದ ಕೆಲಸ ಅದೊಂದೇ.

ಗುಡ್ಡದ ತುದಿಯವರೆಗೆ ಓಡಿಸಿ ಅವಳು ಕೈ ತೆಗೆದಳು. ಕಣ್ಣಲ್ಲಿ ನೀರು ಬಂದಿತ್ತು, ದುಃಖದ್ದಲ್ಲ, ಸಿಟ್ಟಿನದ್ದು.

"ಯಾಕೆ ಹೇಳಿದ್ರು ಅಪ್ಪ ಹಾಗೆ?" ಎಂದಳು ಮಗಳು. "ತಮಾಷೆಗೆ ಇರಬಹುದು. ಹೇಳಿ ಮರೆತೇ ಬಿಟ್ಟಿರಬಹುದು."

"ಇರಬಹುದು. ನಾನು ಮರೀಲಿಲ್ವಲ್ಲ."

ಸತ್ತವರ ಮೇಲೆ ಸಿಟ್ಟು ಸಲ್ಲದು ಎಂದು ದೊಡ್ಡವರು ಹೇಳುತ್ತಾರೆ. ಹೇಳುವವರಿಗೇನು, ಏಳು ವರ್ಷ ಅರ್ಧ ಊರಿನಲ್ಲಿ ತಿರುಗಿದವರು ಅವರಲ್ಲವಲ್ಲ. ಯಜಮಾನರು ಕೆಟ್ಟವರಾಗಿರಲಿಲ್ಲ, ದಿನಾ ಟೀ ಮಾಡಿ ತಂದುಕೊಡುತ್ತಿದ್ದ ಗಂಡಸರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಅದೂ ನಿಜ, ಇದೂ ನಿಜ. ಇಸ್ತ್ರಿಯಮ್ಮ ಆ ಸಂಜೆಯಿಡೀ ಮನಸಾರೆ ಸಿಟ್ಟಾದಳು. ಗೋಡೆಯ ಮೇಲಿನ ಫೋಟೋದ ಮುಂದೆ ನಿಂತು, "ಮುರಿಯಲ್ಲ ರೀ ಅದು" ಎಂದಳು. ಆಮೇಲೆ ಊಟ ಮಾಡಿ ಮಲಗಿದಳು.

ಮರುಪರೀಕ್ಷೆಗೆ ಬಂದವರು ಅದೇ ಪರೀಕ್ಷಕರು, ಬೇಕೆಂದೇ ಅದೇ ರಸ್ತೆಗೆ ತಿರುಗಿಸಿದರು. ಸೇತುವೆ ಹತ್ತುವಾಗ ಅವಳ ಕಾಲು ಒಮ್ಮೆ ಬ್ರೇಕಿನ ಕಡೆ ಸರಿಯಿತು. ಅವಳು ಅದನ್ನು ಎಳೆದು ತನ್ನ ಜಾಗಕ್ಕೆ ತಂದಳು. ಎದುರಿನಿಂದ ಎರಡು ಕಾರು, ಒಂದು ಬಸ್ಸು ಹಾದುಹೋದವು.

"ಈ ಸಲ ನಿಲ್ಲಿಸಲಿಲ್ಲ?" ಎಂದರು ಪರೀಕ್ಷಕರು.

"ವಿಚಾರಿಸಿದೆ ಸಾರ್. ಮುರಿಯಲ್ವಂತೆ."

ಅವರು ಅವಳ ಮುಖವನ್ನು ಎರಡು ಸಲ ನೋಡಿ, ಪಾಸು ಎಂದು ಬರೆದರು.

ಲೈಸೆನ್ಸ್ ಕೈಗೆ ಬಂದಾಗ ಹೋಟೆಲಿನವರ ಗಡುವು ಮುಗಿಯಲು ಮೂರು ದಿನವಿತ್ತು. ಮರುದಿನ ಬೆಳಗ್ಗೆ ಏಳಕ್ಕೇ ಇಸ್ತ್ರಿಯಮ್ಮ ಹನ್ನೊಂದು ಗಂಟುಗಳನ್ನು ವ್ಯಾನಿಗೆ ಏರಿಸಿ ನಿಂತಿದ್ದಳು. ಅವತ್ತು ಮಗನಿಗೆ ರಜೆ. ಅವನು ಕೀಲಿ ಹಿಡಿದು ಬಂದ. ಅಮ್ಮನ ಲೈಸೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿದ.

"ಖುಷಿಯಾಯ್ತಮ್ಮ, ನಿಜವಾಗ್ಲೂ. ಆದ್ರೆ ಒಂದು ಮಾತು. ಸೇತುವೆ ಆ ಕಡೆ ಬೇಡ. ಅಲ್ಲಿ ಗಾಡಿ ಜಾಸ್ತಿ. ಈ ಕಡೆ ನಾಲ್ಕು ಬೀದಿಯಲ್ಲಿ ಓಡಿಸ್ಕೊ, ಸಾಕು. ಹೋಟೆಲ್‌ನವರಿಗೆ ನಾನು ಹೇಳ್ತೀನಿ."

ಇಸ್ತ್ರಿಯಮ್ಮ ಅವನನ್ನು ದಿಟ್ಟಿಸಿದಳು. ಹಣೆ ಅಪ್ಪನದ್ದು, ನಿಲ್ಲುವ ಭಂಗಿ ಅಪ್ಪನದ್ದು. ಕೈಯಲ್ಲಿ ಟೀ ಲೋಟವೊಂದು ಇರಲಿಲ್ಲ, ಅಷ್ಟೇ.

"ಕೀ ಕೊಡು" ಎಂದು ಕೈ ಚಾಚಿದಳು.

"ಅಮ್ಮಾ, ನಾನು ಹೇಳೋದು—"

"ಕೇಳಿಸ್ತು. ಇದನ್ನ ನಾನು ಮೊದಲೂ ಕೇಳಿದೀನಿ. ಕೀ ಕೊಡು. ಬರೋದಾದ್ರೆ ಪಕ್ಕದಲ್ಲಿ ಕೂತ್ಕೊ, ಬಾಯಿಗೆ ಬೀಗ ಹಾಕ್ಕೊಂಡು."

ಅವನು ಕೊಟ್ಟ. ಪಕ್ಕದಲ್ಲಿ ಕೂತ. ಎದುರಂಗಡಿಯವನು ಬಾಗಿಲಿಗೆ ಬಂದ. ಏನೋ ಹೇಳಲು ಬಾಯಿ ತೆರೆದು, ಗಡಿಯಾರ ನೆನಪಾಗಿ ಮುಚ್ಚಿದ. ನದಿಯವರೆಗೆ ಮಗ ಸುಮ್ಮನಿದ್ದ. ಸೇತುವೆಯ ಬುಡದಲ್ಲಿ ಎದುರಿನಿಂದ ಮರಳು ಲಾರಿ ಕಂಡಾಗ ಅವನ ಕೈ ಮುಂದಿನ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿಯಿತು.

"ನಿಲ್ಸಮ್ಮ, ಅದು ಹೋಗ್ಲಿ."

ಅವಳು ಗೇರು ಬದಲಿಸಿ ಸೇತುವೆ ಹತ್ತಿದಳು. ಲಾರಿ ತನ್ನ ಪಾಡಿಗೆ ತಾನು ಪಕ್ಕದಲ್ಲಿ ಹೋಯಿತು.

"ತಂಗಿ ಹೇಳಿದ್ಲು" ಎಂದ ಮಗ, ಸೇತುವೆ ಇಳಿದ ಮೇಲೆ. "ಅಪ್ಪ ಯಾಕೆ ಹಾಗೆ ಹೇಳಿದ್ರೋ."

"ನೀನು ಯಾಕೆ ಹೇಳ್ದೆ?"

ಮುಂದಿನ ತಿರುವು ದಾಟಿ ವ್ಯಾನು ಸಿಗ್ನಲ್ಲಿನಲ್ಲಿ ನಿಂತಾಗ ಅವನು ಹೇಳಿದ.

"ಭಯ ಆಯ್ತಮ್ಮ. ನಿಂಗೆ ಏನಾದ್ರೂ ಆದ್ರೆ ಅಂತ. ಆಮೇಲೆ… ನಿಂಗೆ ಎಲ್ಲಾ ಬಂದ್ಬಿಟ್ರೆ ನಾವು ಯಾಕೆ ಬೇಕು ಅಂತನೂ."

ಇಸ್ತ್ರಿಯಮ್ಮನಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ತಲೆ ಸವರಬೇಕೆನಿಸಿತು. ಆದರೆ ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು, ಸಿಗ್ನಲ್ಲು ಹಸಿರಾಗಿತ್ತು.

"ಭಯ ನಿಂದು ತಾನೆ? ನಿನ್ನ ಹತ್ರಾನೇ ಇಟ್ಕೊ, ಬೇಡ ಅನ್ನಲ್ಲ" ಎಂದಳು. "ಅದನ್ನ ಸೇತುವೆಗೆ ಅಂಟಿಸ್ಬೇಡ."

ಹೋಟೆಲಿನ ಹಿಂಬಾಗಿಲಿಗೆ ವ್ಯಾನನ್ನು ಒಂದೇ ಸಲಕ್ಕೆ ರಿವರ್ಸ್ ತೆಗೆದು ನಿಲ್ಲಿಸಿದಳು. ಎಂಟಕ್ಕೆ ಇನ್ನೂ ಆರು ನಿಮಿಷವಿತ್ತು. ಹನ್ನೊಂದು ಗಂಟುಗಳನ್ನು ಇಳಿಸುವ ಕೆಲಸ ಮಗನದ್ದಾಯಿತು. ಅವಳು ಸೀಟಿನಲ್ಲಿ ಕೂತೇ ಇದ್ದಳು. ಅವನು ಬೆವರು ಒರೆಸಿಕೊಂಡು ಬಂದು ಬಾಗಿಲು ತೆಗೆದಾಗ, ಇಲ್ಲಿಂದ ಸಮುದ್ರದ ಕಡೆಗೆ ದಾರಿ ಯಾವುದು ಎಂದು ಕೇಳಿದಳು.