ಬೋಗುಣಿಯ ತಗ್ಗು

ನಾನು ಒಂದು ಹಿತ್ತಾಳೆಯ ಬೋಗುಣಿ. ಹುಟ್ಟಿದ್ದು ಗದಗಿನ ಬೋಗಾರ ಪದ್ಮಣ್ಣನ ಅಂಗಡಿಯಲ್ಲಿ. ನಮ್ಮ ಜಾತಿಗೆ ಹುಟ್ಟು ಎಂದರೆ ಪೆಟ್ಟು. ಕಾಯಿಸುವುದು, ಬಡಿಯುವುದು, ಮತ್ತೆ ಕಾಯಿಸುವುದು. ಒಂದು ತಗಡಿನ ತುಂಡಾಗಿದ್ದ ನನ್ನನ್ನು ಪದ್ಮಣ್ಣ ಎರಡು ದಿನ ಬಡಿದು ದುಂಡಗೆ ಮಾಡಿದ. ಬೇಳೆ ಬೇಯಿಸುವ ಪಾತ್ರೆಯೆಂದು ಮಾಡಿದನಂತೆ. ಹಾಗೆಂದು ಅವನು ಗಿರಾಕಿಗಳಿಗೆ ಹೇಳುವುದನ್ನು ಕೇಳಿ ನಾನೂ ಅದೇ ನನ್ನ ಹಣೆಬರಹ ಎಂದುಕೊಂಡಿದ್ದೆ.

ನನ್ನನ್ನು ಕೊಂಡವಳು ಬೆಟಗೇರಿಯ ಕೃಪಾಬಾಯಿ. ಗಟ್ಟಿ ಹೆಂಗಸು, ಬಾಯಿ ಸ್ವಲ್ಪ ಜೋರು, ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಿಶನ್ ಬಂಗಲೆಯ ಅಡುಗೆಮನೆಯಲ್ಲಿ ಕೆಲಸ. ಅಲ್ಲಿದ್ದ ಪರದೇಶದ ಮಿಸ್ಸಮ್ಮ ತನ್ನ ಊರಿಗೆ ಹೊರಟಾಗ ಕೇಕ್ ಸುಡುವ ಅಚ್ಚನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋದಳು. ಕೇಕ್ ಮಾಡುವ ಬಗೆ ಮಾತ್ರ ಕೃಪಾಬಾಯಿಯ ಕೈಯಲ್ಲಿ ಉಳಿಯಿತು. ಅಚ್ಚಿನ ಬದಲು ಅವಳು ನನ್ನನ್ನು ತಂದಳು. ಒಳಗೆ ಕಲಾಯಿ ಹಾಕಿಸಿದಳು, ಯಾಕೆಂದರೆ ಬರೀ ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಏಳುತ್ತದೆ, ಮತ್ತು ಅವಳು ಮಾಡುತ್ತಿದ್ದದ್ದು ನಿಂಬೆಹಣ್ಣಿನ ಕೇಕ್.

ಮಾಡುವ ಬಗೆ ಹೀಗೆ. ದೊಡ್ಡ ಕಬ್ಬಿಣದ ಬುಟ್ಟಿಯಲ್ಲಿ ಹಳ್ಳದ ಮರಳು ಹಾಕಿ ಒಲೆಯ ಮೇಲೆ ಕಾಯಿಸುವುದು. ಬೆಣ್ಣೆ ಸಕ್ಕರೆಯನ್ನು ಪರಾತದಲ್ಲಿ ಹಾಕಿ ಅಂಗೈಯಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುವುದು. ನಿಂಬೆಯ ಸಿಪ್ಪೆಯಲ್ಲಿ ಹಳದಿಯನ್ನಷ್ಟೇ ತುರಿಯುವುದು, ಬಿಳಿ ಬಂತೆಂದರೆ ಕಹಿ. ತತ್ತಿ, ಮೈದಾ, ಸೋಡಾ, ಕೊನೆಗೆ ನಿಂಬೆರಸ. ಎಲ್ಲವನ್ನೂ ನನ್ನೊಳಗೆ ಸುರಿದು, ನನ್ನನ್ನು ಕಾದ ಮರಳಿನ ಮೇಲೆ ಕೂಡಿಸಿ, ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ಕೆಂಡ ಹರಡುವುದು. ಕೆಳಗೂ ಬೆಂಕಿ, ಮೇಲೂ ಬೆಂಕಿ, ನಡುವೆ ನಾನು. ಬೇಳೆ ಬೇಯಿಸಿಕೊಂಡು ಇರಬಹುದಿತ್ತಲ್ಲ ಎಂದು ಮೊದಮೊದಲು ಅನ್ನಿಸುತ್ತಿತ್ತು. ಆದರೆ ಮುಚ್ಚಳ ತೆಗೆದಾಗ ಆ ಪರಿಮಳ ಓಣಿಯ ತುದಿಯವರೆಗೆ ಹೋಗುತ್ತಿತ್ತು. ಆಗ ನನಗೂ ಒಳಗೊಳಗೇ ಜಂಬ.

ಈ ಕೇಕ್ ಹಬ್ಬಕ್ಕೆ ಮಾಡುತ್ತಿದ್ದದ್ದಲ್ಲ. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ ಇರುತ್ತದೆ, ಯೇಸುವಿನ ನೆನಪಿಗೆ ಎಲ್ಲರೂ ಒಂದು ತುಂಡು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಯಾರ ಮೇಲಾದರೂ ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಂಡು ಆ ರೊಟ್ಟಿ, ಆ ರಸ ಮುಟ್ಟಬಾರದು. ಕೃಪಾಬಾಯಿಯ ಬಾಯಿ ಜೋರು ಎಂದೆನಲ್ಲ, ಹಾಗಾಗಿ ತಿಂಗಳಿಗೊಬ್ಬರ ಜೊತೆಯಾದರೂ ಅವಳ ಜಗಳ ಆಗಿಯೇ ಇರುತ್ತಿತ್ತು. ಶನಿವಾರ ಕೇಕ್ ಸುಟ್ಟು, ಬೋಗುಣಿಯ ಸಮೇತ ಬಿಳಿ ಬಟ್ಟೆ ಮುಚ್ಚಿ, ಜಗಳ ಆಡಿದವರ ಮನೆಗೇ ಹೋಗುತ್ತಿದ್ದಳು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಹೆಂಗಸಲ್ಲ. ಬೋಗುಣಿ ಇಟ್ಟು ಬರುತ್ತಿದ್ದಳು. ಅವರು ಮರುದಿನ ನನ್ನನ್ನು ತೊಳೆದು, ಒಂದು ಹಿಡಿ ಸಕ್ಕರೆಯನ್ನೋ ಶೇಂಗಾವನ್ನೋ ಹಾಕಿ ವಾಪಸ್ ಕಳಿಸುತ್ತಿದ್ದರು. ಬರಿದಾದ ಪಾತ್ರೆ ಯಾರೂ ಕಳಿಸುವುದಿಲ್ಲ. ಒಳಗೆ ಏನಾದರೂ ಇದ್ದರೆ ರಾಜಿ ಆಯಿತು ಎಂದು ಅರ್ಥ. ಬೆಟಗೇರಿಯ ಎಷ್ಟು ಜಗಳಗಳನ್ನು ನಾನು ಹೊತ್ತುಕೊಂಡು ಹೋಗಿ ಮುಗಿಸಿ ಬಂದೆನೋ, ಲೆಕ್ಕವಿಲ್ಲ.

ಕೃಪಾಬಾಯಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸುವಾರ್ತಾ, ಸಣ್ಣವಳು ದೀನಮಣಿ. ನನಗೆ ತಗ್ಗು ಬಿದ್ದದ್ದು ಇವರಿಂದ. ಆಗ ಸುವಾರ್ತಾಳಿಗೆ ಎಂಟು ವರ್ಷ, ದೀನಮಣಿಗೆ ಮೂರು. ಕಲಸಿದ ಹಿಟ್ಟು ತುಂಬಿದ್ದ ನನ್ನನ್ನು ಸುವಾರ್ತಾ ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿನ ಒಲೆಯ ಕಡೆ ಹೊರಟಿದ್ದಳು. ಹಿಟ್ಟು ನೆಕ್ಕುವ ಆಸೆಗೆ ಸಣ್ಣದು ಓಡಿಬಂದು ಅಕ್ಕನ ಲಂಗ ಹಿಡಿದು ಎಳೆಯಿತು. ನಾನು ಹೋಗಿ ಕಲ್ಲಿನ ಮೆಟ್ಟಿಲಿನ ಅಂಚಿಗೆ ಬಡಿದೆ. ಆರು ತತ್ತಿಯ ಹಿಟ್ಟು ಮಣ್ಣುಪಾಲಾಯಿತು.

ಕೃಪಾಬಾಯಿ ಹೊರಗೆ ಬಂದು ಯಾರು ಬೀಳಿಸಿದ್ದು ಎಂದು ಕೇಳಿದಳು. ಸಣ್ಣದರ ಕೈಯಲ್ಲಿ ಇನ್ನೂ ಅಕ್ಕನ ಲಂಗ ಇತ್ತು.

"ನಾನ ಬೀಳಿಸಿದೆ ಅವ್ವಾ," ಎಂದಳು ಸುವಾರ್ತಾ.

ಕೆನ್ನೆಗೆ ಬಿದ್ದ ಏಟಿನ ಸದ್ದು ನನಗೆ ಚೆನ್ನಾಗಿ ನೆನಪಿದೆ. ಏಟು ತಿಂದವಳಿಗೂ ನೆನಪಿತ್ತು. ಯಾರ ಸಲುವಾಗಿ ತಿಂದಳೋ ಆ ಮೂರು ವರ್ಷದ ಕೂಸಿಗೆ ಏನು ನೆನಪಿರಬೇಕು?

ಅವತ್ತಿನಿಂದ ನನ್ನ ಹೊಟ್ಟೆಯ ಒಂದು ಬದಿ ಒಳಗೆ ಉಬ್ಬಿತು, ಹೊರಗೆ ತಗ್ಗಾಯಿತು. ಕೃಪಾಬಾಯಿ ಒಂದೆರಡು ದಿನ ಗೊಣಗಿದಳು. ಆಮೇಲೆ ಆ ತಗ್ಗೇ ಅವಳಿಗೆ ಅಳತೆಯಾಯಿತು. ಮಿಸ್ಸಮ್ಮನ ತೂಕದ ತಕ್ಕಡಿ ಅವಳಲ್ಲಿ ಎಲ್ಲಿತ್ತು? ಮೈದಾವನ್ನು ನನ್ನೊಳಗೆ ತಗ್ಗು ಮುಟ್ಟುವತನಕ ತುಂಬುವುದು, ಸಕ್ಕರೆಯನ್ನು ಅದಕ್ಕಿಂತ ಎರಡು ಬೆರಳು ಕೆಳಗೆ. ಕೇಕ್ ಒಂದು ಸಲವೂ ಕೆಡಲಿಲ್ಲ. ಇದು ಸುವಾರ್ತಾಳಿಗೆ ಗೊತ್ತಿತ್ತು. ಅವಳು ಏಳನೇ ಇಯತ್ತೆಗೆ ಶಾಲೆ ಬಿಟ್ಟು ತಾಯಿಯ ಜೊತೆ ಒಲೆಯ ಮುಂದೆ ಕೂತವಳು. ದೀನಮಣಿ ಅಡುಗೆಮನೆಗೆ ಬಂದರೆ ಮಾತ್ರ ಕೃಪಾಬಾಯಿ ಗದರಿಸಿ ಓದಲು ಕಳಿಸುತ್ತಿದ್ದಳು. ಓದಿದಳು, ಶಾಲೆಯಲ್ಲಿ ಕಲಿಸುವ ಬಾಯಾರು ಆದಳು, ಮದುವೆಯಾಗದೆ ತಾಯಿಯ ಜೊತೆಗೇ ಉಳಿದಳು. ಸುವಾರ್ತಾ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು.

ಕೃಪಾಬಾಯಿ ತೀರಿಕೊಂಡದ್ದು ಮೇ ತಿಂಗಳ ಉರಿಬಿಸಿಲಿನಲ್ಲಿ. ಸೊಲ್ಲಾಪುರಕ್ಕೆ ಸುದ್ದಿ ಮುಟ್ಟಿತು, ಸುವಾರ್ತಾ ರೈಲು ಹತ್ತಿದಳು. ಆದರೆ ಸಭೆಯ ಹಿರಿಯರು ಈ ಸೆಕೆಯಲ್ಲಿ ನಾಳೆಯವರೆಗೆ ಇಡಲಾಗದು ಎಂದರು. ದೀನಮಣಿ ಬೇಡ ಎನ್ನಲಿಲ್ಲ. ಹಿರಿಯರ ಮುಂದೆ ಬಾಯಿ ಬರಲಿಲ್ಲ. ಸಂಜೆಗೇ ಮಣ್ಣು ಮಾಡಿದರು. ಮರುದಿನ ಮಧ್ಯಾಹ್ನ ಸುವಾರ್ತಾ ಬಂದಾಗ ಮನೆಯಲ್ಲಿ ಖಾಲಿ ಮಂಚ ಇತ್ತು.

"ಒಂದು ಹಿಡಿ ಮಣ್ಣಿಗೆ ನನ್ನ ಕಾಯಲಿಲ್ಲ ನೀ," ಎಂದಳು. ಅಷ್ಟೇ. ಮುಂದೆ ಹನ್ನೊಂದು ವರ್ಷ ತಂಗಿಯ ಜೊತೆ ಮಾತಿಲ್ಲ.

ಗಂಡನ ಗಿರಣಿ ಮುಚ್ಚಿದ ಮೇಲೆ ಸುವಾರ್ತಾ ಮಗ ಸೊಸೆಯೊಂದಿಗೆ ಬೆಟಗೇರಿಗೇ ಬಂದು ಎರಡು ಓಣಿ ಆಚೆ ಮನೆ ಮಾಡಿದಳು. ಇಬ್ಬರಿಗೂ ಅದೇ ಚರ್ಚು. ನಾನು ಚರ್ಚಿಗೆ ಹೋಗಿಲ್ಲ, ಅಡುಗೆಮನೆಗೆ ಬಂದ ಮಾತು ಹೇಳುತ್ತಿದ್ದೇನೆ. ಮೊದಲ ಭಾನುವಾರ ಎಲ್ಲರೂ ಭೋಜನಕ್ಕೆ ಸಾಲು ನಿಲ್ಲುವಾಗ ಸುವಾರ್ತಾ ಎದ್ದು ಹೊರಗೆ ಹೋಗುತ್ತಿದ್ದಳಂತೆ. ಸಿಟ್ಟು ಇದೆ, ಆದ್ದರಿಂದ ಮುಟ್ಟುವುದಿಲ್ಲ. ಅಷ್ಟರಮಟ್ಟಿಗೆ ಅವಳು ಪ್ರಾಮಾಣಿಕಳು.

ಆಮೇಲೆ ಅವಳ ಎದೆಯಲ್ಲಿ ತೊಂದರೆ ಕಾಣಿಸಿಕೊಂಡಿತು. ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದ ಸುದ್ದಿ ದೀನಮಣಿಗೂ ಮುಟ್ಟಿತು. ಅಕ್ಕ ಕಣ್ಣು ಮುಚ್ಚುವ ಮೊದಲು ಒಂದೇ ಒಂದು ಸಲ ಅವಳ ಪಕ್ಕದಲ್ಲಿ ನಿಂತು ಭೋಜನ ತೆಗೆದುಕೊಳ್ಳಬೇಕು, ದೀನಮಣಿಗೆ ಬೇಕಾಗಿದ್ದದ್ದು ಅಷ್ಟೇ. ತಾಯಿ ಮಾಡುತ್ತಿದ್ದ ಹಾಗೆ ಮಾಡೋಣ ಎಂದು ನನ್ನನ್ನು ಹಲಗೆಯಿಂದ ಇಳಿಸಿದಳು.

ಹನ್ನೊಂದು ವರ್ಷ ಬಳಸದೆ ಬಿಟ್ಟದ್ದಕ್ಕೆ ನನ್ನ ಕಲಾಯಿ ಹೋಗಿ ಒಳಗೆಲ್ಲ ಕಪ್ಪಾಗಿತ್ತು. ಊರಿನಲ್ಲಿ ಉಳಿದಿದ್ದ ಒಬ್ಬನೇ ಕಲಾಯಿಯವ ಮೌಲಾಸಾಬನ ಹತ್ತಿರ ಒಯ್ದಳು. ಅವನು ನನ್ನನ್ನು ತಿರುಗಿಸಿ ನೋಡಿದ.

"ಈ ತಗ್ಗು ತಗದು ಕೊಡ್ಲೇನ್ರಿ ಬಾಯಾರ? ಹೊಸಾದು ಆದಂಗ ಆಗತೈತಿ."

ದೀನಮಣಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ತಗೀರಿ. ನಮ್ಮ ಅಕ್ಕಗ ಕೊಡೂದೈತಿ, ಚಂದ ಕಾಣಬೇಕು," ಎಂದಳು.

ಬೇಡ ಎಂದು ಕೂಗಬೇಕೆನಿಸಿತು. ಬಾಯಿ ಇಷ್ಟಗಲ ಇದ್ದರೂ ಏನು ಪ್ರಯೋಜನ? ಮರದ ಸುತ್ತಿಗೆಯಿಂದ ಮೌಲಾಸಾಬ ಮೆತ್ತಗೆ, ಬಲು ಹುಷಾರಾಗಿ ಬಡಿದ. ಒಳ್ಳೆಯ ಕೆಲಸಗಾರ. ತಗ್ಗಿನ ಗುರುತೂ ಉಳಿಯಲಿಲ್ಲ. ಆಮೇಲೆ ಕಲಾಯಿ ಹಿಡಿಯಲೆಂದು ಉದುರಿಸುವ ನವಸಾಗರದ ಹೊಗೆ, ತವರದ ಹೊಳಪು. ನಾನು ಮದುಮಗಳ ಹಾಗೆ ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ದೀನಮಣಿ ತಾಯಿಯ ಕೀರ್ತನೆಯ ಪುಸ್ತಕ ತೆಗೆದಳು. ಕೊನೆಯ ಹಾಳೆಯಲ್ಲಿ ಕೃಪಾಬಾಯಿ ಪೆನ್ಸಿಲಿನಿಂದ ನಾಲ್ಕು ಸಾಲು ಬರೆದಿದ್ದಳು. ಮಗಳು ಗಟ್ಟಿಯಾಗಿ ಓದಿದಳು. "ಮೈದಾ ತಗ್ಗಿನ ತನಕ. ಸಕ್ಕರಿ ತಗ್ಗಿಗಿಂತ ಎರಡು ಬಟ್ಟು ಕೆಳಗ. ತತ್ತಿ ಆರು. ನಿಂಬಿಹಣ್ಣು ಮೂರು."

ಮತ್ತೊಮ್ಮೆ ಓದಿದಳು. ನನ್ನೊಳಗೆ ಬಗ್ಗಿ ನೋಡಿದಳು. ನುಣ್ಣನೆಯ ಕಲಾಯಿಯಲ್ಲಿ ಅವಳ ಮುಖವೇ ಕಂಡಿರಬೇಕು. ಹಣೆಗೆ ಕೈ ಹಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಆದರೂ ಮಾಡಿದಳು. ಇನ್ನೊಂದು ತಿಂಗಳು ಕಾಯಲು ಧೈರ್ಯ ಸಾಲಲಿಲ್ಲ. ಮೈದಾ ಅಂದಾಜು, ಸಕ್ಕರೆ ಅಂದಾಜು. ಗಡಿಬಿಡಿಯಲ್ಲಿ ನಿಂಬೆಯ ಬಿಳಿಯನ್ನೂ ತುರಿದಳು. ಗ್ಯಾಸಿನ ಮೇಲೆ ಮರಳು ಕಾಯಿತು, ಮುಚ್ಚಳದ ಮೇಲೆ ಹಾಕಲು ಕೆಂಡ ಇರಲಿಲ್ಲ. ನಾನು ನನ್ನ ಕೈಲಾದಷ್ಟು ಶಾಖ ಹಿಡಿದೆ. ಕೇಕ್ ಮೊದಲು ಉಬ್ಬಿತು, ಆಮೇಲೆ ನಡುವೆ ಕುಸಿಯಿತು. ಮೇಲೆ ಬಿಳಿಚಿಕೊಂಡಿತ್ತು. ಅದನ್ನೇ ಬಿಳಿ ಬಟ್ಟೆ ಮುಚ್ಚಿ ತೆಗೆದುಕೊಂಡು ಹೋದಳು.

ಸುವಾರ್ತಾ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಅವ್ವ ಮಾಡತಿದ್ಲಲ್ಲ ಅಕ್ಕಾ, ಅದ," ಎಂದಳು ದೀನಮಣಿ. "ನಾಳೆ ಭೋಜನ ಐತಿ. ಕೂಡಿ ಹೋಗೂಣು."

ಸುವಾರ್ತಾ ಅಕ್ಕಿಯಲ್ಲಿದ್ದ ಒಂದು ಕಲ್ಲನ್ನು ಆರಿಸಿ ಎಸೆದು, "ಇಟ್ಟು ಹೋಗು," ಎಂದಳು. ದನಿ ಗಡುಸಾಗಿರಲಿಲ್ಲ. ಹನ್ನೊಂದು ವರ್ಷದ ನಂತರದ ಮೊದಲ ಮಾತು. ದೀನಮಣಿ ಕಣ್ಣೊರೆಸಿಕೊಂಡು ಹೋದಳು. ನನಗೂ ಒಂದು ಕ್ಷಣ ಆಸೆ ಹುಟ್ಟಿತು.

ಸುವಾರ್ತಾ ನನ್ನನ್ನು ಒಳಗೆ ಒಯ್ದು ಕೇಕನ್ನು ತಾಟಿಗೆ ಬೋರಲು ಹಾಕಿ, ಒಂದು ತುಂಡು ಬಾಯಿಗೆ ಇಟ್ಟಳು. ಕಹಿ. ಆದರೂ ನುಂಗಿದಳು, ಮೊದಲ ಸಲ ಮಾಡಿದವರ ಕೇಕ್ ಕಹಿಯಾಗುತ್ತದೆ ಎಂದು ಸೊಸೆ ಶೀಬಾಳಿಗೆ ಹೇಳಿ ನಕ್ಕಳು ಸಹ. ಕೇಕ್ ಕೆಟ್ಟದ್ದು ಅವಳಿಗೆ ಸಿಟ್ಟು ತರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು.

ಆಮೇಲೆ ನನ್ನನ್ನು ತೊಳೆಯಲು ಕೂತಳು. ಅವಳ ತೋರುಬೆರಳು ತಾನಾಗಿ ತಗ್ಗಿನ ಜಾಗಕ್ಕೆ ಹೋಯಿತು. ಇರಲಿಲ್ಲ. ಒಂದು ಸುತ್ತು ಹುಡುಕಿದಳು. ಬೆಳಕಿಗೆ ಹಿಡಿದು ಇನ್ನೊಂದು ಸುತ್ತು ಹುಡುಕಿದಳು. ಬೋಗುಣಿ ಬೇರೆ ಇರಬಹುದೇ ಎಂದು ನನ್ನ ಕಂಠದ ಮೇಲಿನ ಪದ್ಮಣ್ಣನ ಮುದ್ರೆ ನೋಡಿದಳು. ನಾನೇ.

"ಆ ತಗ್ಗು ನಾ ಆಕಿ ಸಲುವಾಗಿ ತಿಂದ ಪೆಟ್ಟು," ಎಂದಳು ಶೀಬಾಳಿಗೆ. "ಅದನ್ನೂ ಬಡದು ತಗಸ್ಯಾಳ."

ಮರುದಿನ ಭೋಜನಕ್ಕೆ ಮುಂಚೆ ಎಂದಿನಂತೆ ಎದ್ದು ಬಂದಳು. ಸೋಮವಾರ ಶೀಬಾಳ ಕೈಯಲ್ಲಿ ನನ್ನನ್ನು ವಾಪಸ್ ಕಳಿಸಿದಳು. ಬಾಗಿಲಲ್ಲಿ ನನ್ನನ್ನು ತೆಗೆದುಕೊಂಡ ದೀನಮಣಿ ಒಳಗೆ ನೋಡಿದಳು. ನಾಲ್ಕು ಕಾಳು ಸಕ್ಕರೆಯೂ ಇರಲಿಲ್ಲ. ಅಷ್ಟು ಮನೆ ತಿರುಗಿದ ನಾನು ಬರಿದಾಗಿ ವಾಪಸ್ ಬಂದದ್ದು ಅದೇ ಮೊದಲು. ಕೇಕ್ ಕೆಟ್ಟಿತ್ತಲ್ಲ, ಅದಕ್ಕೇ ಎಂದುಕೊಂಡಳು ದೀನಮಣಿ. ಮುಂದಿನ ತಿಂಗಳು ಚೆನ್ನಾಗಿ ಮಾಡುತ್ತೇನೆ ಎಂದು ಅಡುಗೆಮನೆಯಲ್ಲಿ ಒಬ್ಬಳೇ ಅಂದುಕೊಂಡಳು.

ಮುಂದಿನ ತಿಂಗಳ ಮೊದಲ ಭಾನುವಾರಕ್ಕೆ ಒಂಬತ್ತು ದಿನ ಇರುವಾಗ ಸುವಾರ್ತಾ ತೀರಿಕೊಂಡಳು. ಅಕ್ಕನ ಮೇಲೆ ದೀನಮಣಿ ಒಂದು ಹಿಡಿ ಮಣ್ಣು ಹಾಕಿದಳು. ಅಲ್ಲಿಂದ ನಮ್ಮ ಮನೆಗೆ ಬಂದ ಮೇಲೆ ಶೀಬಾ ಅವಳ ಜೊತೆಗೆ ಕೂತು, ಅತ್ತೆ ಬೋಗುಣಿಯೊಳಗೆ ಬೆರಳಾಡಿಸಿ ಹುಡುಕಿದ್ದು, ಆಡಿದ ಮಾತು, ಎಲ್ಲ ಹೇಳಿದಳು. ಆ ಹುಡುಗಿಯಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಗೊತ್ತಿರಲಿ ಎಂದು ಹೇಳಿದಳು. ದೀನಮಣಿ ಎದ್ದು ನನ್ನನ್ನು ಎತ್ತಿಕೊಂಡು ಅದೇ ಸೀರೆಯಲ್ಲಿ ಮೌಲಾಸಾಬನ ಅಂಗಡಿಗೆ ನಡೆದಳು.

"ಆ ತಗ್ಗು ಮತ್ತ ಹಾಕಿ ಕೊಡ್ರಿ," ಎಂದಳು.

ಮೌಲಾಸಾಬ ಅವಳ ಮುಖ ನೋಡಿದ. ಸುತ್ತಿಗೆ ತೆಗೆದುಕೊಂಡ. "ಎಲ್ಲಿತ್ರಿ ಬಾಯಾರ? ಎಷ್ಟು ಆಳ ಇತ್ತು?"

ಅವಳು ನನ್ನ ಮೈಮೇಲೆ ಒಂದು ಕಡೆ ಬೆರಳಿಟ್ಟಳು. ತೆಗೆದಳು. ಇನ್ನೊಂದು ಕಡೆ ಇಟ್ಟಳು. "ಗೊತ್ತಿಲ್ಲ," ಎಂದಳು. ಮೌಲಾಸಾಬ ಸುತ್ತಿಗೆ ಕೆಳಗಿಟ್ಟ.

ನನಗೆ ಗೊತ್ತಿತ್ತು. ಮೊದಲು ಬೆರಳಿಟ್ಟ ಜಾಗದಿಂದ ಎರಡು ಬಟ್ಟು ಎಡಕ್ಕೆ.

ಅಂದಿನಿಂದ ನಾನು ಈ ಹಲಗೆಯ ಮೇಲೆ ಬೋರಲಾಗಿದ್ದೇನೆ. ಕಲಾಯಿ ಮತ್ತೆ ಕಪ್ಪಾಗುತ್ತಿದೆ. ದೀನಮಣಿ ನನ್ನನ್ನು ಮಾರುವುದಿಲ್ಲ, ಬಳಸುವುದೂ ಇಲ್ಲ. ನನಗೆ ಈಗ ದಿನ ವಾರ ತಿಳಿಯುವುದಿಲ್ಲ, ತಿಂಗಳ ಮೊದಲ ಭಾನುವಾರ ಮಾತ್ರ ತಿಳಿಯುತ್ತದೆ. ಅವತ್ತು ಚರ್ಚಿನ ಹಾಡು ಇನ್ನೂ ಕೇಳುತ್ತಿರುವಾಗಲೇ ನಮ್ಮ ಮನೆಯ ಬೀಗ ತೆರೆದ ಸದ್ದಾಗುತ್ತದೆ. ಎಲ್ಲರೂ ಭೋಜನಕ್ಕೆ ಸಾಲು ನಿಂತಾಗ ಎದ್ದು ಬರುವವಳು ಈಗ ದೀನಮಣಿ.